ಮಗ್ಗದ ಕುಣಿಯೊಳಗ ನಿಂತಾಕಿ

ನಾ ಯಾವ ಬಾಗಲಾ ದಾಟಿದ್ರೂ ತಲಿ ಬಗ್ಗಸ್ತೀನಿ. ಗುಡಿ ಬಾಗಲಾ ಇರ್ಲಿ, ಬ್ಯಾಂಕಿನ ಬಾಗಲಾ ಇರ್ಲಿ, ಆನಿ ಹೊಕ್ಕು ಹೊರಗ ಬರುವಂಥಾ ದವಾಖಾನಿ ಬಾಗಲಾ ಇರ್ಲಿ, ನನ್ನ ಕುತ್ತಿಗಿ ತಾನ ಬಗ್ಗತೈತಿ. ಹಂಗಂತ ನಾ ಎತ್ತರದಾಕಿ ಅಲ್ಲ. ಜ್ವಾಳದ ಚೀಲ ನಿಲ್ಲಿಸಿದ್ರ ಎಷ್ಟೋ ಅಷ್ಟ ಇದ್ದೀನಿ, ಈಗ ಚೀಲಾನೂ ಅರ್ಧ ಖಾಲಿ ಆಗೇತಿ. ಗುಡ್ಯಾಗ ನೋಡಿದವರು ಅಜ್ಜಿಗೆ ಭಕ್ತಿ ಭಾಳ ಅಂತಾರ. ಮೊನ್ನೆ ಬ್ಯಾಂಕಿನ ಹುಡುಗಿ, ಎಷ್ಟು ವಿನಯ ನೋಡ್ರಿ ಈ ಅಜ್ಜಿಗೆ, ಅಂತ ಬಾಜೂದಾಕಿಗೆ ಹೇಳಿದ್ಲು. ನನಗ ಕಿವಿ ಇನ್ನೂ ನೆಟ್ಟಗ ಅದಾವು.

"ವಿನಯ ಅಲ್ಲವ್ವಾ, ತೊಲಿ," ಅಂದೆ.

ಯಾವ ತೊಲಿ ಅಂತ ಕೇಳಿದ್ಲು. ಹಿಂದ ಪಾಳೆ ಹಚ್ಚಿದ ಮಂದಿ ಗೊಣಗಾಕ ಹತ್ತಿದ್ರು, ಹಿಂಗಾಗಿ ಅಲ್ಲಿ ಹೇಳಾಕ ಆಗ್ಲಿಲ್ಲ. ಇಲ್ಲಿ ಬರದೀನಿ. ನನ್ನ ಅಕ್ಷರ ಕೋಳಿ ಕೆದರಿದಂಗ ಇರ್ತಾವು, ಅಪ್ಪ ನೂಲಿನ ಕಟ್ಟಿನ ಮ್ಯಾಲಿನ ಚೀಟಿ ತೋರಿಸಿ ಕಲಿಸಿದ್ದು ಅಷ್ಟ. ಪುರುಸೊತ್ತು ಇದ್ದವರು ಓದ್ರಿ.

ನಮ್ಮದು ಬೆಟಗೇರಿ. ಮನಿ ಅಂದ್ರ ಮ್ಯಾಲೆ ಒಂದು ಪಡಸಾಲಿ, ಒಂದು ಅಡಗಿ ಮನಿ, ಕೆಳಗ ಒಂದು ನೆಲಮನಿ. ಓಣಿ ಕಡೆ ಸಣ್ಣ ಬಾಗಲಾ, ಆರೇಳು ಪಾವಟಿಗಿ ಇಳದ್ರ ನೆಲಮನಿ. ಇಳದ ಕೂಡಲೇ ಅಡ್ಡ ಒಂದು ಬೇವಿನ ತೊಲಿ. ಆ ತೊಲಿ ನನ್ನಂಥಾ ಕುಳ್ಳಿಗೂ ಹಣಿಗೆ ಬಡೀತಿತ್ತು ಅಂದ್ರ ನೀವ ತಿಳ್ಕೋರಿ. ಕಟ್ಟಿದವರಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಅದು ಮಂದಿ ನಿಂದ್ರಲಿ ಅಂತ ಕಟ್ಟಿದ್ದಲ್ಲ, ನೇಯಲಿ ಅಂತ ಕಟ್ಟಿದ್ದು. ಬ್ಯಾಸಗ್ಯಾಗ ನಮ್ಮ ಕಡೆ ಗಾಳಿ ಹೆಂಗಿರ್ತೈತಿ ಗೊತ್ತಲ್ಲ, ಒಣಗಿ ಕಡ್ಡಿ ಆದ ನೂಲು ಮುಟ್ಟಿದ್ರ ಹರಿತೈತಿ. ನೆಲದ ಕೆಳಗ ತಂಪು ಇರ್ತೈತಿ, ನೂಲು ಮೆತ್ತಗಿರ್ತೈತಿ. ನೆಲದಾಗ ಕುಣಿ ತಗದು, ಕುಣಿ ದಂಡಿ ಮ್ಯಾಲೆ ಕುಂತು, ಕಾಲು ಕುಣಿಯೊಳಗ ಇಳಿಬಿಟ್ಟು ನೇಯೋದು. ಕುಂತಾಂವಗ ಮಾಳಿಗಿ ಎತ್ತರ ಯಾಕ ಬೇಕು?

ಸಣ್ಣಾಕಿದ್ದಾಗ ಅಪ್ಪಗ ಸೊಂಟದ ಕೆಳಗ ಏನೂ ಇಲ್ಲ ಅಂತ ನಾ ತಿಳಕೊಂಡಿದ್ದೆ. ಯಾವಾಗ ಇಳದು ನೋಡಿದ್ರೂ ಅರ್ಧ ಅಪ್ಪ. ಚಾ ತಗೊಂಡು ಹೋದ್ರೂ ಅರ್ಧ ಅಪ್ಪ ಕೈಚಾಚಿ ಇಸಗೊಳ್ತಿದ್ದ. ಸಂಜೀಕ ಅಂವ ಕುಣಿಯಿಂದ ಕಾಲು ಎತ್ತಿ ಹೊರಗ ತಗದ್ರ ನನಗ ದಿನಾ ಹೊಸಾ ಸೋಜಿಗ. ಅವ್ವ ಸತ್ತ ಮ್ಯಾಲೆ ನಾ ಭಾಳ ಹೊತ್ತು ಆ ಕುಣಿ ದಂಡಿಗೇ ಕುಂತು ಕಂಡಿಕಿ ಸುತ್ತತಿದ್ದೆ. ಕಂಡಿಕಿ ಅಂದ್ರ ಲಾಳಿಯೊಳಗ ಇಡೋ ನೂಲಿನ ಸಣ್ಣ ಕೊಳವಿ.

ನನ್ನ ಲಕ್ಷ್ಮೇಶ್ವರಕ್ಕ ಕೊಟ್ರು. ಆವಾಗ ನಮ್ಮ ಕಡೆ ಒಂದು ಚಕ್ಕಡಿ ಹಾದಿಯೊಳಗ ಎಷ್ಟು ಸರಕಾರ! ಲಕ್ಷ್ಮೇಶ್ವರ ಒಬ್ಬ ರಾಜಂದು, ಶಿರಹಟ್ಟಿ ಇನ್ನೊಬ್ಬಂದು, ನಮ್ಮ ಗದಗ ಬೆಟಗೇರಿ ಮುಂಬೈದು, ಮುಂಡರಗಿ ದಾಟಿ ಮುಂದ ಹೋದ್ರ ನಿಜಾಮಂದು. ಗಂಡ ಕಾಲರಾದಾಗ ಹೋದ. ಅತ್ತಿ ಮನಿಯವರು ನನ್ನ ಹಾಸಿಗಿ ಸುತ್ತಿ ಚಕ್ಕಡಿಗೆ ಹಾಕಿದ್ರು. ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕ ಬಂದೆ, ಎರಡರಾಗೂ ಯಾರೂ ನನ್ನ ತಡೀಲಿಲ್ಲ. ಬಂದ ಮರುವರ್ಷ ಅಪ್ಪಾನೂ ಹೋದ. ಮಗ್ಗ ಮಾರಿದೆ. ಮಗ್ಗ ಮಾರಬಹುದು, ಕುಣಿ ಮಾರಾಕ ಬರಾಂಗಿಲ್ಲ. ಮ್ಯಾಲೆ ಹಲಗಿ ಮುಚ್ಚಿ ಬಿಟ್ಟೆ.

ಆಮ್ಯಾಲೆ ಮನಿಯೊಳಗ ಸಪ್ಪಳ ಅಂದ್ರ ನಾ ರೊಟ್ಟಿ ಬಡಿಯೋದು. ಒಬ್ಬಾಕಿಗೆ ಎಷ್ಟು ರೊಟ್ಟಿ ಬೇಕಾಗತಾವು. ಓಣ್ಯಾಗ ಎಲ್ಲಾರ ಮನಿ ಮಗ್ಗ ಟಕಟಕ ಅಂತಿದ್ವು, ನಮ್ಮ ಮನಿ ನಡಬರಕ ಬಿದ್ದ ಹಲ್ಲಿನಂಗ ಇತ್ತು. ಕೂಲಿಗೆ ಕಂಡಿಕಿ ಸುತ್ತಿ ಹೊಟ್ಟಿ ಹೊರೀತಿದ್ದೆ. ಕೆಲವು ದಿನ ಸಂಜೀತನಾ ಬಾಯಿ ಬಿಚ್ಚತಿದ್ದಿಲ್ಲ, ಬಿಚ್ಚಿದ್ರ ದನಿ ತುಕ್ಕು ಹಿಡಿದಂಗ ಬರ್ತಿತ್ತು.

ಸ್ವರಾಜ್ಯ ಬಂತು. ಓಣಿ ಮಂದಿ ಝಂಡಾ ಕಟ್ಟಿದ್ರು, ಪೇಢಾ ಹಂಚಿದ್ರು, ನಂದೂ ಒಂದು ತಿಂದೆ. ನಿಜಾಮನ ಸೀಮ್ಯಾಗ ಮಾತ್ರ ಅದು ಬಂದಿದ್ದಿಲ್ಲ. ಅಲ್ಲಿ ರಜಾಕಾರರ ಹಾವಳಿ ಸುರುವಾತು, ಮುಂಡರಗಿ, ಡಂಬಳದ ಹಾದಿ ಹಿಡದು ಚಕ್ಕಡಿ ಮ್ಯಾಲೆ ಚಕ್ಕಡಿ ಈ ಕಡೆ ಬಂದ್ವು. ಮಂದಿ ಧರ್ಮಶಾಲಿ ತುಂಬಿ, ಗುಡಿ ತುಂಬಿ, ಕಡೀಕ ಗಿಡದ ಬುಡಕ ಕುಂತ್ರು.

ಹಂಗ ಬಂದಾಕಿ ತುಂಗವ್ವ. ಕೊಪ್ಪಳದ ಕಡೆ ಒಂದು ಹಳ್ಳಿಯಾಕಿ, ನನಗಿಂತ ಹತ್ತು ವರ್ಷ ದೊಡ್ಡಾಕಿ ಇದ್ದಾಳು. ಹೆಂಗಸರೊಳಗ ಅಷ್ಟು ಎತ್ತರದಾಕಿನ್ನ ನಾ ಅದಕ್ಕಿಂತ ಮದಲ ಕಂಡಿದ್ದಿಲ್ಲ, ಆಮ್ಯಾಲೂ ಕಂಡಿಲ್ಲ. ಗಂಡ ರಜಾಕಾರರ ಎದುರು ಹೋರಾಡವರ ಗಡಿ ಶಿಬಿರದಾಗ ಬಂದೂಕು ಹಿಡ್ಕೊಂಡು ಉಳಿದಿದ್ದ. ಈಕಿ ಒಂದು ಗಂಟು ಹಿಡ್ಕೊಂಡು ನಮ್ಮ ಬಾಗಲದಾಗ ನಿಂತು, ಕೆಳಗಿನ ಕೋಲಿ ಬಾಡಿಗಿಗೆ ಕೊಡ್ತೀರೇನ್ರಿ ಅಂದ್ಲು.

"ಅಲ್ಲಿ ಇಲಿ ಸೈತ ಬಗ್ಗಿ ಅಡ್ಡಾಡ್ತಾವು," ಅಂದೆ.

"ನಾ ನಿಲ್ಲಾಕ ಬಂದಿಲ್ರಿ, ಮಲಗಾಕ ಬಂದೀನಿ. ಬಾಡಿಗಿ ಎಷ್ಟು ಹೇಳ್ರಿ."

ಕೈಯಾಗ ದುಡ್ಡಿಲ್ಲದ್ದು ನೋಡಿದ್ರ ತಿಳೀತಿತ್ತು. ದಿನಾ ಒಂದು ಬುಟ್ಟಿ ಕಂಡಿಕಿ ಸುತ್ತಿ ಕೊಡು, ಅದ ಬಾಡಿಗಿ, ಅಂದೆ. ನನಗೇನು ಕರುಣಾ ಬಂದಿದ್ದಿಲ್ಲ. ಬುಟ್ಟಿ ತುಂಬ್ತೈತಿ, ಕೆಳಗ ಒಂದು ಜೀವ ಕೆಮ್ಮತೈತಿ, ಅಷ್ಟ ನಾ ನೋಡಿದ್ದು. ಆಕಿ ಗಂಟು ಹೊತ್ತು ಇಳದ್ಲು. ಧಡ್ ಅಂತ ತೊಲಿ ಬಡೀತು.

ಆ ತೊಲಿ ಆಕಿನ್ನ ಬಡದದ್ದು ಲೆಕ್ಕ ಇಲ್ಲ. ನೀರು ತಂದ್ರ ಬಡೀತಿತ್ತು, ಕಸಾ ಚೆಲ್ಲಾಕ ಎದ್ರ ಬಡೀತಿತ್ತು. ಮ್ಯಾಲೆ ಕುಂತ ನನಗ ಸಪ್ಪಳದ ಮ್ಯಾಲೆ ತಿಳೀತಿತ್ತು, ತುಂಗವ್ವ ಎದ್ಲು. ಕಡೀಕ ನಾನ ಹಳೇ ಸೀರಿ ತುಂಡಿಗೆ ನೂಲಿನ ಚಿಂದಿ ತುಂಬಿ ತೊಲಿಗೆ ಸುತ್ತಿ ಬಿಗದೆ. ಆಕಿ ತೊಲಿಗೆ ಪಟಗಾ ಸುತ್ತೀರಿ, ಇನ್ನ ಅದಕ್ಕ ಕನ್ಯಾ ನೋಡ್ರಿ, ಅಂದ್ಲು. ಹಿಂಗ ಮಾತಾಡಾಕಿ. ನನ್ನ ಹೆಸರು ನೀಲವ್ವ ಅಂತ ಗೊತ್ತಿದ್ರೂ ಕರೀತಿದ್ದಿಲ್ಲ, "ಮಾಲಕರ" ಅಂತಿದ್ಲು. ಏನ್ರಿ ಮಾಲಕರ, ಚಾ ಆತೇನ್ರಿ. ಎರಡು ಗಡಿಗಿ, ಒಂದು ಚಾಪಿ ಇದ್ದ ನನಗ ಅದು ಚಾಷ್ಟಿನ.

ಒಂದಿನ ಮುಂಜಾನೆ ಕೆಳಗಿಂದ ಆಕಿ ದನಿ ಬಂತು, ಮಾಲಕರ ಬರ್ರಿ, ನೋಡ್ರಿ ಅಂತ. ಇಳದೆ. ಕುಣಿ ಮ್ಯಾಲಿನ ಹಲಗಿ ಸರಿಸಿ ಆಕಿ ಕುಣಿಯೊಳಗ ಇಳದಿದ್ಲು. ನೆಟ್ಟಗ ನಿಂತಿದ್ಲು, ಕುತ್ತಿಗಿ ಬಗ್ಗಿದ್ದಿಲ್ಲ. ನಮ್ಮ ಮನ್ಯಾಗ ಆಕಿ ನೆಟ್ಟಗ ನಿಂತದ್ದು ಅದ ಮದಲ. ತಲಿಗೂ ಜಂತಿಗೂ ನಡಬರಕ ಗೇಣು ಜಾಗಾ ಇತ್ತು. ಸೊಂಟದ ಕೆಳಗ ಏನೂ ಕಾಣತಿದ್ದಿಲ್ಲ. ನಾ ಹೋಗಿ ಕುಣಿ ದಂಡಿಗೆ ಕುಂತೆ, ಮದಲ ಕುಂದರತಿದ್ದಲ್ಲೇ.

ಅವತ್ತಿನಿಂದ ಅದ ಪದ್ಧತಿ ಆತು. ಮುಂಜಾನೆದ್ದು ಆಕಿ ಕುಣಿಯೊಳಗ ನಿಂತು ತಲಿ ಬಾಚ್ಕೊಳ್ಳಾಕಿ, ನಾ ಕುಣಿ ದಂಡಿಗೆ ಕುಂದರಾಕಿ. ಆಕಿ ನಿಂತ್ರ ನಾ ಕುಂತ್ರ ಇಬ್ಬರ ಮಾರಿ ಸರೀಸಮ ಬರ್ತಿದ್ವು. ಆಕಿ ಬಿಟ್ಟು ಬಂದ ಎಮ್ಮಿ ಸುದ್ದಿ ಹೇಳಾಕಿ. ಹಗ್ಗ ಬಿಚ್ಚಿ ಬಂದ್ನೋ ಕಟ್ಟಿ ಬಂದ್ನೋ ನೆನಪಾಗವಲ್ದು, ಅದೊಂದ ಆಕಿ ಚಿಂತಿ. ಮನಿ ಸುಟ್ಟದ್ದು ಹೇಳುವಾಗ ಅಳಲಿಲ್ಲ. ಎಮ್ಮಿ ಹಗ್ಗಕ್ಕ ಬಂದ್ರ ಬಾಚಣಿಕಿ ಕೈಯಾಗ ಹಂಗ ನಿಲ್ತಿತ್ತು. ಬಿಚ್ಚಿರ್ತೀ ಬಿಡು, ಅಂತಿದ್ದೆ. ದಿನಾ ಅದ ಅಂತಿದ್ದೆ.

ಬ್ಯಾಸಗಿ ಮುಗಿಯೂ ಹೊತ್ತಿಗೆ ಮುನ್ಸಿಪಾಲ್ಟಿಯಿಂದ ಒಬ್ರು ಸಾಹೇಬ್ರು ಬಂದ್ರು. ವಲಸಿ ಮಂದಿ ಎಲ್ಲೆಲ್ಲೋ ತುರುಕಿಕೊಂಡು ಕುಂತಾರ, ಬ್ಯಾನಿ ಬಂದೀತು ಅಂತ ಓಣಿ ಓಣಿ ಹಿಡದು ನೋಡಾಕ ಹತ್ತಿದ್ರು. ಒಳ್ಳೇ ಮನುಷ್ಯ, ಚಪ್ಪಲಿ ಹೊರಗ ಬಿಟ್ಟು ಬಂದ್ರು. ಪಾವಟಿಗಿ ಮ್ಯಾಲೆ ನಿಂತು ಒಳಗ ಹಣಿಕಿ ಹಾಕಿ, ಇದರಾಗ ಮನುಷ್ಯರನ್ನ ಇಡಾಕ ಬರಾಂಗಿಲ್ಲವ್ವಾ ಅಂದ್ರು. ಆಮ್ಯಾಲೆ ಏನನಿಸ್ತೋ, ದನಿ ಸಣ್ಣ ಮಾಡಿ ಕೇಳಿದ್ರು, ಈಕಿ ನಿನಗೇನಾಗಬೇಕು? ಮನಿ ಮಂದಿ ಆದ್ರ ನಾ ಕೇಳಾಂಗಿಲ್ಲ, ನಿಮ್ಮ ಮನಿ ನಿಮ್ಮ ಕಷ್ಟ. ಬಾಡಿಗಿಗೆ ಇಟ್ಟೀದಿ ಅಂದ್ರ ಮಾತ್ರ ಕಾಯ್ದೆ ಐತಿ, ಕೋಲಿ ಎತ್ತರ ಇಷ್ಟ ಇರಬೇಕು, ಬೆಳಕು ಇಷ್ಟ ಬರಬೇಕು ಅಂತ.

ಅವರು ಹಾದಿ ತೋರಿಸಾಕ ಹತ್ಯಾರ ಅಂತ ನನಗ ತಿಳೀತು. ಅಕ್ಕ ಅನ್ನಾಕ ನಾ ಬಾಯಿ ತಗದೆ.

"ಬಾಡಿಗಿಯಾಕಿ ರೀ ಸಾಹೇಬ್ರ," ಕೆಳಗಿಂದ ತುಂಗವ್ವ ಅಂದ್ಲು. "ದಿನಾ ಬಾಡಿಗಿ ಕೊಡ್ತೀನಿ. ಪುಕ್ಕಟ ಇಲ್ಲ."

ಮುಗೀತು. ನಾ ತಗದ ಬಾಯಿ ಮುಚ್ಚಬೇಕು, ಇಲ್ಲಾ ಏನರ ಹೇಳಬೇಕು. ಎತ್ತರ ಏನು ಕಮ್ಮಿ ಇಲ್ರಿ ಸಾಹೇಬ್ರ, ನೀವ ನಿಂತು ನೋಡ್ರಿ, ಅಂದೆ. ಕರಕೊಂಡು ಹೋಗಿ ಕುಣಿಯೊಳಗ ಇಳಿಸಿದೆ. ನಗಬ್ಯಾಡ್ರಿ. ಅಪ್ಪ ಕೋಲಿ ಎತ್ತರ ಹೇಳಬೇಕಾದ್ರ ಕಾಲು ಎಲ್ಲಿ ಊರತಾವೋ ಅಲ್ಲಿಂದನ ಮೊಳಾ ಹಾಕ್ತಿದ್ದ. ನೇಕಾರರ ಮನ್ಯಾಗ ಹುಟ್ಟಿದ ನನಗ ನೆಲ ಅಂದ್ರ ಕುಣಿ ತಳ. ಮ್ಯಾಲಿಂದು ಬರೇ ಕುಂದ್ರು ಜಾಗಾ.

ಸಾಹೇಬ್ರು ಟೊಪಿಗಿ ಹಿಡ್ಕೊಂಡು ಇಳದ್ರು. ನಿಂತ್ರು. ತಲಿ ಬಡೀಲಿಲ್ಲ. ಕೈಯೆತ್ತಿ ಜಂತಿ ಮುಟ್ಟಿ ನೋಡಿದ್ರು. ಆಮ್ಯಾಲೆ ಸುತ್ತ ನೋಡಿ, ತಾವು ಸೊಂಟದ ತನಾ ನೆಲದಾಗ ಹೂತಿದ್ದು ಕಂಡು, ನಗಬಾರದು ಅಂತ ಭಾಳ ಕಷ್ಟಪಟ್ರು.

"ಬಾಡಿಗಿ ಕುಣಿಗೆ ಕೊಡ್ತಿಯೋ ಕೋಲಿಗೆ ಕೊಡ್ತಿಯೋ, ತಂಗಿ?"

ತುಂಗವ್ವ ಸೆರಗು ಬಾಯಿಗೆ ಹಿಡ್ಕೊಂಡು ಮೂಲಿಗೆ ತಿರಗಿದ್ಲು. ನನಗ ಸಿಟ್ಟು ಬಂತು, ಯಾರ ಮ್ಯಾಲೆ ಅಂತ ತಿಳೀಲಿಲ್ಲ. ಸಾಹೇಬ್ರು ಮ್ಯಾಲೆ ಬಂದು ಹೇಳಿದ್ರು, ಇಡೀ ಕೋಲಿ ಈ ಎತ್ತರ ಆಗಬೇಕು, ಓಣಿ ಕಡೆ ಒಂದು ಬೆಳಕಿಂಡಿ ತಗೀಬೇಕು. ಮಳಿಗಾಲ ಮುಗಿಯೂದರಾಗ ಮಾಡು, ನಾ ಬಂದು ನೋಡಿ ಪರವಾನಿಗಿ ಬರಸ್ತೀನಿ. ಆಗದಿದ್ರ ಈಕಿನ್ನ ವಲಸಿ ಮಂದಿ ಶಿಬಿರಕ್ಕ ಕಳಸಬೇಕಾಗತೈತಿ.

ಅವತ್ತ ಸಂಜೀಕ ನಾ ಕೇಳಿದೆ. ಅಕ್ಕ ಅಂದಿದ್ರ ಅಲ್ಲಿಗೇ ಮುಗೀತಿತ್ತು, ನಿನ್ನ ಬಾಯಿಗೇನಾಗಿತ್ತು ಅಂತ. ಆಕಿ ಕಂಡಿಕಿ ಸುತ್ತೂದು ಬಿಡಲಿಲ್ಲ, ರಾಟಿ ತಿರುವಿಕೊಂತನ ಅಂದ್ಲು:

"ಊರು ಬಿಟ್ಟಾಗಿಂದ ಕಂಡವರೆಲ್ಲಾ ನನಗ ಪಾಪ ಅಂತಾರ. ರೊಟ್ಟಿ ಕೊಟ್ಟು ಪಾಪ ಅಂತಾರ, ಅರಬಿ ಕೊಟ್ಟು ಪಾಪ ಅಂತಾರ. ನೀವೊಬ್ರ ಬಾಡಿಗಿ ಕೇಳಿದ್ರಿ. ಅದನ್ನ ನಾ ಯಾರಿಗೂ ಬಿಟ್ಟು ಕೊಡಾಂಗಿಲ್ಲ."

ನಾ ಮ್ಯಾಲೆ ಹೋಗಿ ಒಲಿ ಹಚ್ಚಿದೆ.

ಮಾಳಿಗಿ ಮ್ಯಾಲೆ ಏರಿಸಾಕ ಬರತಿದ್ದಿಲ್ಲ, ಅದರ ಮ್ಯಾಲೆ ನಾನ ಇದ್ದೆ. ಹಿಂಗಾಗಿ ನೆಲ ಇಳಸಬೇಕು. ಮುಳಗುಂದದ ಗೌಂಡಿ ಇಮಾಮಸಾಬಗ ಹೇಳಿ ಕಳಸಿದೆ. ಅಪ್ಪನ ಕಾಲದಿಂದ ಗುರ್ತಿದ್ದಾಂವ, ಗಡ್ಡ ಬೆಳ್ಳಗಾಗಿದ್ದ ಮುದುಕ. ಅಂವ ಬಂದ ದಿನ ತುಂಗವ್ವ ಮಾರಿ ಬಿಳಿಚಿಕೊಂಡು ಮ್ಯಾಲೆ ಬಂದು ನನ್ನ ಅಡಗಿ ಮನ್ಯಾಗ ಕುಂತ್ಲು. ಹೆಸರು ಕೇಳೇ ಆಕಿಗೆ ಊರಾಗ ಮನಿ ಸುಟ್ಟ ರಜಾಕಾರರು ನೆನಪಾಗಿದ್ರು. ನಾ ಬುದ್ಧಿ ಹೇಳಾಕ ಹೋಗಲಿಲ್ಲ. ಹಂಗ ಕುಂತಿದ್ದಾಗ ಕೆಳಗ ಧಡ್ ಅಂತ ಸಪ್ಪಳಾತು, ಹಿಂದ ಒಂದು ಯಾ ಅಲ್ಲಾ. ಪಟಗಾ ಸುತ್ತಿದ ಜಾಗಾ ಬಿಟ್ಟು ಆ ಕಡೆ ತುದಿಗೆ ಬಡಿಸಿಕೊಂಡಿದ್ದ. ತುಂಗವ್ವ ಒಂದು ಗಳಿಗಿ ತಡದ್ಲು. ಆಮ್ಯಾಲೆ ಅರಬಿ ತೊಯ್ಸಿಕೊಂಡು ತಾನ ಇಳದು ಹೋದ್ಲು. ಆ ತೊಲಿ ಹೊಡತಾ ಗೊತ್ತಿದ್ದವರು ಇಡೀ ಬೆಟಗೇರ್ಯಾಗ ಅವರಿಬ್ಬರ, ಮೂರನೇದಾಕಿ ನಾ. ಸಂಜೀಕ ಆಕಿ ಅವನಿಗೆ ಕಾಕಾ ಅನ್ನಾಕ ಹತ್ತಿದ್ಲು.

ಇಮಾಮಸಾಬ ಗ್ವಾಡಿ ಬುಡಕ ಮುಟ್ಟಬ್ಯಾಡ್ರಿ ಅಂದ, ಪಾಯ ಬಿಚ್ಚಿಕೊಂಡ್ರ ಮನಿ ಕುಂದರತೈತಿ. ಸುತ್ತಲೂ ಗ್ವಾಡಿಗೆ ಹತ್ತಿ ಒಂದು ಕಟ್ಟಿ ಬಿಟ್ಟು ನಡುವಿಂದಷ್ಟ ಅಗಿಬೇಕು. ಅಂವ ಹಾರಿ ಹಾಕಾಂವ, ತುಂಗವ್ವ ಗುದ್ದಲಿ, ನಾ ಬುಟ್ಟಿ. ಕೆಂಪು ಗರಸು ಕಲ್ಲಿನಂಗ ಇತ್ತು, ಮಳಿ ಬಂದ್ರ ಅದ ಕೆಸರಾಗತಿತ್ತು. ಎಲ್ಲಿ ತನಾ ಅಗೀಬೇಕು ಅಂತ ಅಳತಿ ಬೇಕಾಗಿದ್ದಿಲ್ಲ, ನಡುವ ಅಪ್ಪನ ಕುಣಿ ಇತ್ತಲ್ಲ. ಅದರ ತಳದ ಸಮಾ.

ಮುಂಜಾನೆದ್ದು ಬಾಚ್ಕೊಳ್ಳೂದು ಆಕಿ ಬಿಡಲಿಲ್ಲ, ನಾ ಅಲ್ಲೇ ಸುತ್ತಲಿನ ನೆಲದ ಮ್ಯಾಲೆ ಕುಂದರೂದೂ ಬಿಡಲಿಲ್ಲ. ಆದ್ರ ನೆಲಾ ದಿನಾ ಅಷ್ಟಷ್ಟ ಇಳೀತು. ಆಕಿ ನಿಂತಲ್ಲೇ ನಿಂತಿದ್ಲು, ನನ್ನ ಕಣ್ಣಿಗೆ ಬೆಳದಂಗ ಕಾಣತಿದ್ಲು. ಮದಲ ತೊಡಿ ಕಂಡ್ವು, ಆಮ್ಯಾಲೆ ಮೊಣಕಾಲು. ನಾ ಕುಂತಲ್ಲೇ ಕೆಳಗ ಇಳಕೊಂತ ಹೋದೆ. ಕಡೀಕ ಆಕಿ ಮಾರಿ ನೋಡಬೇಕಾದ್ರ ಕತ್ತು ಎತ್ತಬೇಕಾತು. ಒಂದಿನ ಕುಣಿ ಅನ್ನೂದ ಉಳೀಲಿಲ್ಲ, ಎಲ್ಲಾ ಸಾಪ ಆತು. ಅಪ್ಪ ಕಾಲು ಊರತಿದ್ದ ಜಾಗಾ ಯಾವುದು ಅಂತ ಮಾರನೇ ದಿನ ನಾ ಹುಡಿಕಿದೆ. ಸಿಗಲಿಲ್ಲ. ಸಿಕ್ರ ಏನು ಮಾಡಾಕಿದ್ದೆ?

ಬೆಳಕಿಂಡಿ ತಗದ್ವಿ, ಶೆಗಣಿ ಹಾಕಿ ನೆಲಾ ಸಾರಿಸಿದ್ವಿ. ಸಾಹೇಬ್ರಿಗೆ ಹೇಳಿ ಕಳಸಿದೆ, ವಾರದಾಗ ಬರ್ತೀನಿ ಅಂದ್ರು. ನಾ ಖುಷಿಯಾಗಿದ್ದೆ, ಖರೆ ಹೇಳ್ತೀನಿ. ಕಾಯ್ದೆ ಪ್ರಕಾರ ನನ್ನ ಮನ್ಯಾಗ ಒಬ್ಬಾಕಿ ಇರ್ತಾಳ, ಯಾರೂ ಎಬ್ಬಸಾಂಗಿಲ್ಲ, ಅಂತ.

ಆ ವಾರದಾಗ ನಿಜಾಮ ಕೈಯೆತ್ತಿದ. ಓಣಿ ತುಂಬ ಪಟಾಕ್ಷಿ, ಗುಲಾಲು. ಎಲ್ಲಾರೂ ಕುಣದ್ರು, ತುಂಗವ್ವನ್ನ ಹೆಂಗಸರು ಎತ್ತಾಕ ಹೋಗಿ ಎತ್ತರಕ್ಕ ಸೋತ್ರು. ನಾನೂ ನಕ್ಕೆ. ನಗುವಾಗ ಒಳಗ ಎಲ್ಲೋ ಲೆಕ್ಕ ಹಚ್ಚಾಕ ಹತ್ತಿದ್ದೆ, ಗಡಿ ಶಿಬಿರದಿಂದ ಬೆಟಗೇರಿಗೆ ಚಕ್ಕಡಿ ಬರಾಕ ಎಷ್ಟು ಹೊತ್ತು ಬೇಕಾಗತೈತಿ.

ಭಾಳ ಹೊತ್ತೇನು ಹಿಡೀಲಿಲ್ಲ. ಆಕಿ ಗಂಡ ಗಡ್ಡ ಬಿಟ್ಟುಕೊಂಡು ಬಂದ. ಅಂವ ಆಕಿಗಿಂತ ಒಂದು ಗೇಣು ಗಿಡ್ಡ. ಚಕ್ಕಡಿ ಹೂಡಿ ಹೊರಗ ನಿಂತ್ರೂ ಆಕಿ ಆ ದಿನದ ಬುಟ್ಟಿ ತುಂಬೂ ತನಾ ಏಳಲಿಲ್ಲ. ಬುಟ್ಟಿ ತಂದು ನನ್ನ ಮುಂದ ಇಟ್ಟು, ಬಾಡಿಗಿ ತೀರಿತ್ರಿ ಮಾಲಕರ, ಅಂದ್ಲು. ತೀರಿತು ಅಂದೆ. ಹೋಗಿ ಎಮ್ಮಿ ನೋಡ್ತೀನಿ ಅಂದ್ಲು. ಬಿಚ್ಚಿರ್ತೀ ಬಿಡು ಅಂದೆ.

ಸಾಹೇಬ್ರು ಮರುದಿನ ಬಂದ್ರು. ನಡು ಕೋಲ್ಯಾಗ ನಿಂತು ಕೈಯೆತ್ತಿ ಟೇಪು ಹಿಡದು ನೋಡಿದ್ರು, ಚಲೋ ಮಾಡೀಯವ್ವಾ ಅಂದ್ರು. ಬಾಡಿಗಿಯಾಕಿ ಎಲ್ಲಿ ಅಂತ ಕೇಳಿದ್ರು. ಹೇಳಿದೆ. ಅವರು ಟೊಪಿಗಿ ತಗದು ಕೈಯಾಗ ತಿರುವಿದ್ರು, ಆಮ್ಯಾಲೆ ಹಾಕ್ಕೊಂಡ್ರು. ಪರವಾನಿಗಿ ಕಾಗದ ಬಂದಾಗ ನಾ ಒಂದೊಂದ ಅಕ್ಷರ ಹಿಡದು ಓದಿದೆ. ಮನುಷ್ಯರ ವಾಸಕ್ಕೆ ಯೋಗ್ಯ. ಸುತ್ತ ನೋಡಿದೆ. ವಾಸಕ್ಕೆ ಯೋಗ್ಯ ಆಗಿತ್ತು, ಖರೆ.

ಆಮ್ಯಾಲೆ ಬಾಡಿಗಿಯವರು ಬಂದ್ರು, ಹೋದ್ರು. ದರ್ಜಿ ಬಂದ, ಶಾಲಿ ಮಾಸ್ತರ ಬಂದ, ಹೊಸದಾಗಿ ಲಗ್ನಾದವರು ಬಂದ್ರು. ಬಾಡಿಗಿ ರೊಕ್ಕದಾಗ ಕೊಡವರು, ಮಾತು ಕಮ್ಮಿ. ಪಾವಟಿಗಿ ಮತ್ತ ನಾಕು ಇಳಿಸಿದ್ವಿ, ತೊಲಿ ಎಲ್ಲಾರ ತಲಿ ಮ್ಯಾಲೆ ಉಳೀತು. ಯಾರಿಗೂ ಬಡೀಲಿಲ್ಲ. ಅದಕ್ಕ ಪಟಗಾ ಯಾಕ ಸುತ್ತೀರಿ ಅಂತ ಪ್ರತಿಯೊಬ್ರೂ ಕೇಳತಿದ್ರು. ನಾ ಮಾತ್ರ ಇಳಿವಾಗ ಬಗ್ಗತಿದ್ದೆ. ಕುತ್ತಿಗಿಗೆ ಪರವಾನಿಗಿ ಓದಿ ಹೇಳಿದವರಿಲ್ಲ.

ಮುಂದ ಏಕೀಕರಣ ಆತು. ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ, ಕೊಪ್ಪಳ ಎಲ್ಲಾ ಒಂದ ರಾಜ್ಯ ಅಂದ್ರು. ಮತ್ತ ಪೇಢಾ. ಇನ್ನ ನಡುವ ಗಡಿ ಇಲ್ಲ, ನಾಕಾ ಇಲ್ಲ, ಬರಬೇಕನ್ನವರು ಬರಬಹುದು ಅಂತ ನಾ ಕಟ್ಟಿಗೆ ಕುಂತು ವಿಚಾರ ಮಾಡಿದೆ. ಮದಲೂ ಗಡಿ ಆಕಿನ್ನ ತಡದಿದ್ದಿಲ್ಲ. ಆಕಿಗೆ ಮನಿ ಇತ್ತು, ಹೊಲಾ ಇತ್ತು. ಅಷ್ಟ.

ಅದಾಗಿ ಒಂದು ವರ್ಷ ಬಿಟ್ಟು ತುಂಗವ್ವ ಬಂದ್ಲು. ಗಂಡ ಗದಗಿನ ಸಂತಿಯೊಳಗ ಎಮ್ಮಿ ಯಾಪಾರಕ್ಕ ನಿಂತಿದ್ದ, ಈಕಿ ಇಷ್ಟ ದೂರ ನಡಕೊಂಡು ಬಂದಿದ್ಲು. ಕೂದಲಾ ಹಣ್ಣಾಗಿತ್ತು, ಎತ್ತರ ಇಳಿದಿದ್ದಿಲ್ಲ. ಆ ಎಮ್ಮಿ ಸಿಕ್ತೇನು ಅಂದೆ. ಕೊಟ್ಟಿಗ್ಯಾಗ ಹಗ್ಗ ಇತ್ತು, ಎಮ್ಮಿ ಇರಲಿಲ್ಲ, ಅಂದ್ಲು. ಬಿಚ್ಚಿದ ಹಗ್ಗೋ ಹರಿದ ಹಗ್ಗೋ ಅಂತ ನಾ ಕೇಳಲಿಲ್ಲ.

ಕೆಳಗ ಹೋಗೂಣು ನಡೀರಿ ಅಂದ್ಲು. ಬಾಡಿಗಿಗಿದ್ದ ಹುಡುಗಿ, ಮಾಸ್ತರನ ಹೆಂಡತಿ, ಬರ್ರಿ ಅಂತ ಚಾಪಿ ಹಾಸಿದ್ಲು. ನಾ ಮುಂದ ಇಳದೆ, ಬಗ್ಗಿದೆ. ಆಕಿ ಹಿಂದ ಇಳದ್ಲು, ಆಕಿನೂ ಬಗ್ಗಿದ್ಲು. ತೊಲಿ ಎಲ್ಲೋ ಮ್ಯಾಲೆ ಇತ್ತು. ಆ ಹುಡುಗಿ ನಮ್ಮಿಬ್ಬರನ್ನೂ ಏನು ಕಳಕೊಂಡು ಹುಡಕತಾರಪ್ಪ ಅನ್ನುವಂಗ ನೋಡಿದ್ಲು.

ತುಂಗವ್ವ ನಡು ಕೋಲ್ಯಾಗ ಹೋಗಿ ಕಾಲೀಲೆ ನೆಲ ತಡವಿದ್ಲು.

"ಕುಣಿ ಎಲ್ರಿ ಮಾಲಕರ?"

"ಅದರಾಗ ನಿಂತೀದಿ," ಅಂದೆ. "ಈಗ ಎಲ್ಲಾ ಕುಣಿನ."

ಆಕಿ ಅಲ್ಲೇ ನೆಟ್ಟಗ ನಿಂತ್ಲು. ನಾ ಗ್ವಾಡಿ ಬುಡದ ಕಟ್ಟಿಗೆ ಕುಂತೆ. ಆ ಕಟ್ಟಿ ಅಂದ್ರ ಇಮಾಮಸಾಬ ಮುಟ್ಟದ ಬಿಟ್ಟಿದ್ದ ಹಳೇ ನೆಲ. ಅಲ್ಲಿ ಕುಂತ್ರ ಮಾತ್ರ ಇನ್ನೂ ನನ್ನ ಮಾರಿ ಆಕಿ ಮಾರಿ ಸರೀಸಮ ಬರ್ತಾವು ಅಂತ ಅವತ್ತ ಗೊತ್ತಾತು. ಗೊತ್ತಾಗೂದರಾಗ ಆಕಿ ಹೊಂಟ್ಲು. ಎಮ್ಮಿ ಯಾಪಾರ ಮುಗದಿರ್ತೈತಿ, ಅಂವ ಕಾಯ್ತಿರ್ತಾನ ಅಂದ್ಲು. ಚಾ ಅರ್ಧಕ್ಕ ಬಿಟ್ಲು.

ಓಣಿ ತಿರುವಿನ ತನಾ ಆಕಿ ತಲಿ ಮಂದಿ ಮ್ಯಾಲೆ ಕಾಣತಿತ್ತು. ಮಾಸ್ತರನ ಹೆಂಡತಿ ಬಾಜೂಕ ಬಂದು ನಿಂತು ಕೇಳಿದ್ಲು, ಯಾರ್ರಿ ಅವರು, ನಿಮ್ಮ ಅಕ್ಕಾರೇನ್ರಿ?

"ಅಲ್ಲ," ಅಂದೆ. "ಬಾಡಿಗಿಯಾಕಿ."

ಆಮ್ಯಾಲೆ ಒಳಗ ಹೋದೆ, ತಲಿ ಬಗ್ಗಿಸಿ.